ಬ್ಯಾನರಿನಲ್ಲಿ ಹುಟ್ಟಿದ ಶಾಲೆ

ಈ ಕಥೆಯ ಪ್ರತಿಯೊಂದು ಅಕ್ಷರವೂ ಸತ್ಯ. ಇಡೀ ಸಮರ್ ದ್ವೀಪದಲ್ಲಿ ನನ್ನಷ್ಟು ಸತ್ಯ ಹೇಳುವವನು ಇನ್ನೊಬ್ಬನಿದ್ದ. ಪಾಪ, ಅವನೂ ಹೋದ ವರ್ಷ ತೀರಿಕೊಂಡ.

ಕಾಗ್‌ಬುಲಾನ್ ಗ್ರಾಮದ ಜೋವೆಲಿನ್ ಲುಮನ್‌ತಾಸ್ ಎಂಬವಳ ವಾಸದ ಮನೆಯು ಜೂನ್ ತಿಂಗಳ ಒಂದು ಮಂಗಳವಾರ, ಬೆಳಗಿನ ಒಣಮೀನು ಹುರಿದು ಮುಗಿಯುವ ಮೊದಲೇ, ಶಾಲೆಯೆಂದು ಪರಿಗಣಿತವಾಯಿತು.

ಜೋವೆಲಿನ್ ಹಿಂದೆ ಪಟ್ಟಣದಲ್ಲಿ ಟೀಚರಾಗಿದ್ದವಳು. ಮಕ್ಕಳನ್ನು ಬಿಸಿಲಲ್ಲಿ ಸಾಲು ನಿಲ್ಲಿಸಿ ನಿಲ್ಲಿಸಿ ಸಾಕಾಗಿ ಕೆಲಸ ಬಿಟ್ಟಳು. ಮಗಳು ಹುಟ್ಟಿದ ದಿನವೇ ಗಂಡನೆದುರು ಶಪಥ ಮಾಡಿದಳು: "ಇವಳು ಶಾಲೆಯ ಹೊಸ್ತಿಲು ತುಳಿಯಲ್ಲ." ಗಂಡ ಡೊಮೆಂಗ್ ಮೀನುಗಾರ. ತಾನೂ ಹೆಚ್ಚು ತುಳಿದವನಲ್ಲವಾದ್ದರಿಂದ ಅವನು ಆಕ್ಷೇಪಣೆ ಸಲ್ಲಿಸಲಿಲ್ಲ. ಹೀಗಾಗಿ ಒಂಬತ್ತು ವರ್ಷದ ಜಿಂಕಿಗೆ ಪಾಠಪಟ್ಟಿಯೂ ಇರಲಿಲ್ಲ, ಗಂಟೆಯೂ ಇರಲಿಲ್ಲ. ಏಡಿಯ ಹಿಂದೆ ಓಡಿದರೆ ವಿಜ್ಞಾನ, ಅಪ್ಪನ ಮೀನು ತೂಗಿದರೆ ಗಣಿತ, ಪಕ್ಕದ ಮನೆಯ ಕರೋಕೆಯಲ್ಲಿ ಕಿರುಚಿದರೆ ಸಂಗೀತ. ಏನೂ ಮಾಡದೆ ಹಲಸಿನ ಮರ ಹತ್ತಿ ಕೂತರೆ ತತ್ವಶಾಸ್ತ್ರ.

ಈ ವ್ಯವಸ್ಥೆಯಲ್ಲಿದ್ದ ಏಕೈಕ ನ್ಯೂನತೆಯನ್ನು ಪತ್ತೆ ಹಚ್ಚಿದವಳು ಡೊಮೆಂಗನ ತಾಯಿ, ಅಜ್ಜಿ ಉರ್ಬಾನಾ. ಊರಿನಲ್ಲಿ ಯಾವ ಮಗು ಏನು ಪಾಸಾದರೂ ಮನೆಯ ಮುಂದೆ ಅಭಿನಂದನೆಯ ಬ್ಯಾನರ್ ಏಳುತ್ತದೆ. ಅವಳ ಮನೆಯ ಮುಂದೆ ಮಾತ್ರ ಬಟ್ಟೆ ಒಣಹಾಕುವ ಹಗ್ಗ.

"ಎದುರುಮನೆ ಹುಡುಗ ನರ್ಸರಿ ಮುಗಿಸಿದ್ದಕ್ಕೆ ದೋಣಿಯಷ್ಟುದ್ದದ ಬ್ಯಾನರ್ ಹಾಕಿದಾರೆ ಕಣೇ," ಎಂದು ಅಜ್ಜಿ ಸೊಸೆಯೆದುರು ಗೋಳಾಡಿದಳು. "ಆ ಮುಂಡೇದಕ್ಕೆ ಇನ್ನೂ ಮೂಗು ಒರೆಸಿಕೊಳ್ಳೋಕೆ ಬರಲ್ಲ!"

ಜಿಂಕಿ ಕೆಟ್ಟುಹೋದ ಫ್ಯಾನು ಬಿಚ್ಚಿ ತಾನೇ ರಿಪೇರಿ ಮಾಡಿದ ದಿನ ಅಜ್ಜಿಗೆ ತಡೆಯಲಾಗಲಿಲ್ಲ. ಸೊಸೆಗೆ ಹೇಳದೆ ಪಟ್ಟಣದ ಪ್ರಿಂಟಿಂಗ್ ಅಂಗಡಿಗೆ ಹೋದಳು.

"ಶಾಲೆ ಹೆಸರು ಹೇಳಿ ಅಜ್ಜಿ. ಆ ಜಾಗ ಖಾಲಿ ಬಿಟ್ರೆ ನೋಡೋಕೆ ಚೆನ್ನಾಗಿರಲ್ಲ."

"ಮನೇಲೇ ಕಲಿತಿದ್ದು ಕಣಪ್ಪಾ."

"ಸರಿ ಹಾಗಾದ್ರೆ, ಲುಮನ್‌ತಾಸ್ ಶಾಲೆ ಅಂತ ಹಾಕ್ತೀನಿ. ಗ್ರಾಮದ ಕ್ಯಾಪ್ಟನ್ ಮುಖವೂ ಸೇರಿಸಿದ್ರೆ ಅರ್ಧ ಬೆಲೆ."

ಹೀಗೆ ಬ್ಯಾನರಿನ ಮುಕ್ಕಾಲು ಭಾಗದಲ್ಲಿ ಗ್ರಾಮದ ಚುನಾಯಿತ ಮುಖ್ಯಸ್ಥರಾದ ಕ್ಯಾಪ್ಟನ್ ನೆಮೆಸಿಯೊ ನಕ್ಕರು. ಮೂಲೆಯಲ್ಲಿ, ಅಂಚೆಚೀಟಿಯಷ್ಟು ಜಾಗದಲ್ಲಿ, ಜಿಂಕಿ ಫ್ಯಾನು ಹಿಡಿದು ನಿಂತಳು.

ಮಂಗಳವಾರ ಆ ದಾರಿಯಲ್ಲಿ ಬಂದ ಶಿಕ್ಷಣ ಇಲಾಖೆಯ ಮೇಲ್ವಿಚಾರಕ ಅಗ್ರಿಪಿನೊ ಸಾಹೇಬರು ಜೀಪು ನಿಲ್ಲಿಸಿದರು.

"ಮ್ಯಾಮ್, ಅನುಮತಿ ಇಲ್ಲದೆ ಶಾಲೆ ನಡೆಸ್ತಾ ಇದೀರಿ."

"ಸರ್, ಇದು ಶಾಲೆ ಅಲ್ಲ. ಶಾಲೆ ಬೇಡ ಅಂತ ಮಾಡಿಕೊಂಡಿರೋ ಮನೆ."

"ಬ್ಯಾನರ್ ಇದೆ. ಕ್ಯಾಪ್ಟನ್ ಮುಖ ಇದೆ. ಇಷ್ಟಿದ್ದೂ ಶಾಲೆಯಲ್ಲ ಅಂದ್ರೆ ಕ್ಯಾಪ್ಟನ್ನರಿಗೆ ಅವಮಾನ."

ಮುಚ್ಚಿಸೋಣವೆಂದರೆ ಅದಕ್ಕೂ ನಿಯಮ ಅಡ್ಡಬಂತು: ಮಾನ್ಯತೆ ಪಡೆಯದ ಶಾಲೆಯನ್ನು ಮುಚ್ಚುವಂತಿಲ್ಲ, ಮೊದಲು ಮಾನ್ಯತೆ ಪಡೆಯತಕ್ಕದ್ದು. ಕ್ಯಾಪ್ಟನ್ನರು ಅಂದೇ ಬಂದು ರಿಬ್ಬನ್ ಕತ್ತರಿಸಿ, ನೆರೆದವರ ಪಾಲಿನ ಪನ್ಸಿತ್ ನೂಡಲ್ಸನ್ನೂ ತಾವೇ ತಿಂದು ಹೋದರು.

ಮಾನ್ಯತೆಗೆ ಧ್ವಜಸ್ತಂಭ ಬೇಕಾಯಿತು, ಡೊಮೆಂಗನ ದೋಣಿಯ ಕಂಬ ಬಂತು. ಗೇಟಿಗೆ ಕಾವಲು ಸಿಬ್ಬಂದಿ ಬೇಕಾಯಿತು. ಅರ್ಹತೆ ಇಷ್ಟೇ: ಸದೃಢ ಮೈಕಟ್ಟು, ಅಪರಿಚಿತರನ್ನು ಕಂಡರೆ ಸದ್ದು ಮಾಡುವ ಗುಣ. ಮನುಷ್ಯನೇ ಆಗಿರಬೇಕೆಂದು ಎಲ್ಲೂ ಬರೆದಿರಲಿಲ್ಲವಾಗಿ, ಮನೆಯ ಹಂದಿ ಬಿಂಬೊ ನೇಮಕಗೊಂಡಿತು. ಪೋಷಕ–ಶಿಕ್ಷಕರ ಸಭೆಯೂ ನಡೆಯಿತು. ಜೋವೆಲಿನ್ ಮೇಜಿನ ಈಚೆ ಕೂತು ಮಗು ಮರ ಹತ್ತುತ್ತದೆಂದು ದೂರಿದಳು. ಎದ್ದು ಆಚೆ ಹೋಗಿ ಕೂತು, ಹತ್ತಲಿ ಬಿಡಿ ಎಂದು ಉತ್ತರಿಸಿದಳು.

"ಯಾರು ಗೆದ್ರು?" ಡೊಮೆಂಗ್ ಕೇಳಿದ.

"ಸುಮ್ನಿರು. ಇಬ್ರಿಗೂ ತಲೆನೋವು."

ಜಿಂಕಿಯನ್ನು ಮಾತ್ರ ಅವಳು ದಾಖಲಿಸಲಿಲ್ಲ. ಶಪಥ ಶಪಥವೇ. ಆದರೆ ಮುಂದಿನ ತಪಾಸಣೆಯಲ್ಲಿ ಸಾಹೇಬರಿಗೆ ತರಗತಿಯಲ್ಲಿ ಚಾಪೆ, ದಿಂಬು, ಅಜ್ಜಿಯ ಹಲ್ಲಿನ ಸೆಟ್ಟು ಕಂಡವು.

"ಶಾಲೆಯೊಳಗೆ ಸಂಸಾರವೇ? ಸಂಜೆ ಐದರ ಮೇಲೆ ಯಾರೂ ಇರತಕ್ಕದ್ದಲ್ಲ!"

"ಮತ್ತೆ ನಾವು ಮಲಗೋದೆಲ್ಲಿ ಸರ್?"

"ಅದು ವಸತಿ ಇಲಾಖೆಯ ವಿಷಯ. ನನ್ನ ವ್ಯಾಪ್ತಿಗೆ ಬರಲ್ಲ."

ಅಂದಿನಿಂದ ಕುಟುಂಬ ದೋಣಿಯಲ್ಲಿ ಮಲಗತೊಡಗಿತು. ಜಿಂಕಿ ನಕ್ಷತ್ರ ಗುರುತಿಸುವುದನ್ನು ಕಲಿತಳು. ಅಜ್ಜಿ ಬೈಯುವುದರಲ್ಲಿ ಹೊಸ ಎತ್ತರ ಮುಟ್ಟಿದಳು.

ಅಷ್ಟರಲ್ಲಿ ಬಿರುಗಾಳಿ ಬಂತು. ಬಿರುಗಾಳಿಯಲ್ಲಿ ಜನ ಹತ್ತಿರದ ಶಾಲೆಗೆ ಹೋಗಬೇಕೆಂಬುದು ನಮ್ಮಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಹತ್ತಿರದ ಶಾಲೆ ಯಾವುದೆಂದು ನೋಡಿದರೆ, ಜೋವೆಲಿನ್‌ಳ ಮನೆ! ಇಡೀ ಬೀದಿ ಕೋಳಿ, ಕರೋಕೆ ಸಮೇತ ಒಳನುಗ್ಗಿತು. ಗಾಳಿ ನಿಂತಿತು, ಜನರ ಸೂರುಗಳು ಹಾರಿಹೋಗಿದ್ದರಿಂದ ಯಾರೂ ಹೊರಡಲಿಲ್ಲ. ಆಶ್ರಿತರು ಶಾಲೆಯಲ್ಲಿ ರಾತ್ರಿ ತಂಗಬಹುದು, ಅವರ ಮಕ್ಕಳು ತಂಗಿದಲ್ಲೇ ಓದತಕ್ಕದ್ದು ಎಂಬ ಆದೇಶವೂ ಬಂತು. ಊರಿನ ಸರ್ಕಾರಿ ಶಾಲೆ ಬರಿದಾಯಿತು. ಮಕ್ಕಳಿಲ್ಲದ ಶಾಲೆ ಶಾಲೆಯಲ್ಲ, ಕೇವಲ ಕಟ್ಟಡ ಎಂದು ಸಾಹೇಬರು ಷರಾ ಬರೆದರು. ಕಟ್ಟಡವೆಂದ ಮೇಲೆ ಅದನ್ನು ಮನೆಯಿಲ್ಲದವರಿಗೆ ಕೊಡಬೇಕು. ಊರಿನಲ್ಲಿ ಶಾಲೆಯೊಳಗೆ ಆಶ್ರಯ ಸಿಗದೆ ಉಳಿದ ಕುಟುಂಬ ಒಂದೇ ಒಂದಿತ್ತು: ದೋಣಿಯಲ್ಲಿ ಮಲಗುತ್ತಿದ್ದ ಜೋವೆಲಿನ್‌ಳದು.

ಬರಿದಾದ ಆ ಶಾಲೆಯ ಕರಿಹಲಗೆಯ ಮುಂದೆ ಚಾಪೆ ಹಾಸುತ್ತ ಜೋವೆಲಿನ್ ಗಂಡನತ್ತ ತಿರುಗಿದಳು.

"ಶಪಥ ಹೋಯ್ತು ಕಣೋ. ಹೊಸ್ತಿಲು ತುಳಿದುಬಿಟ್ಟಳು."

"ನಿಮ್ಮ ಮಗಳು ಶಾಲೆ ತುಳಿದಿಲ್ಲ ಮ್ಯಾಮ್," ಎಂದು ಬೀಗದ ಕೈ ಕೊಡಲು ಬಂದ ಸಾಹೇಬರು ಗಂಭೀರವಾಗಿ ಸಮಾಧಾನ ಹೇಳಿದರು. "ಇದು ಮನೆ. ಮನೆಯಲ್ಲೇ ಇದಾಳೆ, ಮನೆಯಲ್ಲೇ ಕಲೀತಾಳೆ. ದಾಖಲೆ ಶುದ್ಧವಾಗಿದೆ."

ಜಿಂಕಿ ಆಗಲೇ ಶಾಲೆಯ ಗಂಟೆ ಬಿಚ್ಚಿ ಒಳಗೇನಿದೆ ಎಂದು ನೋಡುತ್ತಿದ್ದಳು. ಕಿಟಕಿಯಾಚೆ, ತಮ್ಮ ಹಲಸಿನ ಮರದ ತುಂಬ ಊರ ಮಕ್ಕಳು.

"ಅಮ್ಮಾ, ನಾನು ಒಂದ್ಸಲ ಶಾಲೆಗೆ ಹೋಗ್ಲಾ?"

ಜೋವೆಲಿನ್ ಕಿಟಕಿಯ ಬಳಿ ಬಂದು ಮರದತ್ತ ನೋಡಿದಳು. ಆ ಮರ ನೆಟ್ಟವಳು ಅವಳೇ. ಅದನ್ನು ಹತ್ತುವ ಹಕ್ಕಿಗಾಗಿ ತನ್ನ ವಿರುದ್ಧ ತಾನೇ ವಾದಿಸಿದವಳೂ ಅವಳೇ.

"ಹೋಗ್ಬಾ," ಎಂದಳು. "ಬರೋವಾಗ ನನ್ನ ಬಾಣಲೆ ತಗೊಂಡ್ಬಾ."

ಈಗ ಕಾಗ್‌ಬುಲಾನ್‌ನಲ್ಲಿ ಯಾರಿಗೂ ಇದರಲ್ಲಿ ವಿಶೇಷ ಕಾಣುವುದಿಲ್ಲ. ಜಿಂಕಿ ದಿನವೂ ಶಾಲೆಗೆ ಹೋಗಿ ಆಡುತ್ತಾಳೆ, ಕಲಿಯುವುದಕ್ಕೆ ಮನೆಗೆ ಬರುತ್ತಾಳೆ. ಅಜ್ಜಿ ಹೊಸ ಬ್ಯಾನರ್ ಹಾಕಿಸಿದ್ದಾಳೆ. ಶಾಲೆಯ ಹೆಸರಿನ ಜಾಗದಲ್ಲಿ ಈ ಸಲ ಇನ್ನೂ ದೊಡ್ಡ ಕ್ಯಾಪ್ಟನ್ ಇದ್ದಾರೆ.

ಹೇಳಿದ್ದೆಲ್ಲ ನಿಜ. ಹಂದಿಯ ಹೆಸರೊಂದನ್ನು ಮಾತ್ರ ಕಟ್ಟಿ ಹೇಳಿದ್ದೇನೆ. ಅದೀಗ ಕಾಯಂ ನೌಕರ. ಬಡ್ತಿಗೆ ತೊಂದರೆಯಾಗಬಾರದು ನೋಡಿ.