ಮಗಳ ಚೌಕಾಸಿ ಬಿಡಿಸಲು ಹೋಗಿ

ಕೊಳ್ಳೇಗಾಲದಲ್ಲಿ ಸೀರೆ ಅಂಗಡಿ ಇಟ್ಟವನಿಗೆ ಅಂಗಡಿಯ ಪ್ರಸಂಗಗಳು ಅಂಗಡಿಯಲ್ಲೇ ಮುಗಿಯುತ್ತವೆ ಅಂದುಕೊಂಡಿದ್ದೆ. ಇಲ್ಲ. ಬಾಗಿಲು ಎಳೆದು ಹೊರಟರೆ ಅವೂ ಹಿಂದೆಯೇ ಮನೆಗೆ ಬರುತ್ತವೆ, ಅಲ್ಲಿಂದ ಚರ್ಚಿಗೂ ಬರುತ್ತವೆ.

ನನ್ನ ಕಿರಿ ಮಗಳಿಗೆ ಆ ಭಾನುವಾರ ಮೊದಲ ಪರಮಪ್ರಸಾದ, ಫಾದರ್ ಕೈಯಿಂದ ಮೊದಲ ಸಲ ಪವಿತ್ರ ರೊಟ್ಟಿ ಪಡೆಯುವ ದಿನ. ಬಿಳಿ ಫ್ರಾಕ್ ಹೊಲಿಸಿಯಾಗಿತ್ತು. ಹನೂರು, ಯಳಂದೂರಿನ ನೆಂಟರಿಗೆಲ್ಲ ಹೇಳಿಯಾಗಿತ್ತು, ಬಿರಿಯಾನಿಗೂ ಹೇಳಿದ್ದೆ. ಅಷ್ಟರಲ್ಲಿ ಫಾದರ್ ನನ್ನನ್ನು ಪಕ್ಕಕ್ಕೆ ಕರೆದರು. “ನಿಮ್ಮ ಮಗಳು ಪ್ರಾರ್ಥನೆಗೂ ಚೌಕಾಸಿ ಮಾಡ್ತಾಳೆ. ತಂದೆಯಾದವರು ನೀವು ತಿದ್ದಬೇಕು. ಆಗಲಿಲ್ಲ ಅಂದರೆ ಮುಂದಿನ ವರ್ಷ ನೋಡೋಣ.”

ಅವತ್ತಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ.

ನಿಂದೂ ಬೇಡ, ನಂದೂ ಬೇಡ

ಅವತ್ತು ಸಂಜೆಯೇ ತಿದ್ದಲು ಶುರು ಮಾಡಿದೆ. ಜಪಸರ ಕೈಗೆ ಕೊಟ್ಟು, “ಐದು ರಹಸ್ಯ, ಅಂದ್ರೆ ಐದು ಸಲ ಹತ್ತತ್ತು ಮಣಿ, ಪೂರ್ತಿ ಹೇಳ್ಬೇಕು” ಅಂದೆ.

“ಮೂರು ಸಾಕಪ್ಪ.”

“ಐದು!”

“ನಿಂದೂ ಬೇಡ, ನಂದೂ ಬೇಡ. ನಾಲ್ಕು.”

ಅಷ್ಟು ವರ್ಷದ ಅಭ್ಯಾಸ, ಬಾಯಿ ನನ್ನ ಮಾತು ಕೇಳಲಿಲ್ಲ. “ಆಯ್ತು, ತಗೋ” ಅಂದುಬಿಟ್ಟೆ.

ಒಳಗಿನಿಂದ ಹೆಂಡತಿ ಕೇಳಿದಳು: “ರೀ, ಪ್ಯಾಕ್ ಮಾಡಿ ಕೊಡ್ಲಾ?”

ಮಕ್ಕಳಾಣೆ

ಮನೆಯಲ್ಲಿ ಆಗದ್ದು ಅಂಗಡಿಯಲ್ಲಿ ಆಗಲಿ ಎಂದು ಮಾರನೇ ದಿನ ಸ್ಕೂಲು ಬಿಟ್ಟ ಮೇಲೆ ಅವಳನ್ನು ಗಲ್ಲಾದ ಪಕ್ಕ ಕೂರಿಸಿಕೊಂಡೆ. ಅಪ್ಪನ ಮಾತು ಅಂದರೆ ಒಂದೇ ಮಾತು ಅಂತ ಕಣ್ಣಾರೆ ನೋಡಲಿ.

ಅಗರದ ಕಡೆಯ ಹೆಂಗಸೊಬ್ಬರು ಮದುವೆ ಸೀರೆಗೆ ಬಂದರು. “ಇಂಗ್ ಏಳುದ್ರೆ ಎಂಗೆ ಸಾವ್ಕಾರ್ರೇ? ಸರ್ಯಾಗಿ ಏಳಿ.”

“ನನ್ನ ಮಕ್ಕಳಾಣೆ ಕಣಮ್ಮ, ಅಸಲಿಗೇ ಕೊಡ್ತಾ ಇದೀನಿ!”

ಮಗಳು ನನ್ನ ತೋಳು ಜಗ್ಗಿದಳು. “ಅಪ್ಪಾ, ಆಣೆ ಅಣ್ಣನ ಮೇಲೆ ಮಾತ್ರ ಇಡು. ನಂಗೆ ಭಾನುವಾರದವರೆಗೂ ಪಾಪ ತಾಗಬಾರದು.”

ಆಯಮ್ಮ ಸೀರೆ ಕೆಳಗಿಟ್ಟರು. “ಎತ್ತ ಮಗಾನೇ ನಂಬಕಿಲ್ಲ, ನಾನೆಂಗ್ ನಂಬ್ಲಿ?”

ಇಳಿಸಿದೆ, ಮತ್ತೆ ಇಳಿಸಿದೆ. ಆ ಒಂದು ಸೀರೆ ಮಾತ್ರ ನಿಜವಾಗಿಯೂ ಅಸಲಿಗೇ ಹೋಯಿತು.

ಮೊದಲ ಪಾಪನಿವೇದನೆ

ಶನಿವಾರ ಬೆಳಿಗ್ಗೆ ಮಕ್ಕಳೆಲ್ಲ ಮೊದಲ ಸಲ ಫಾದರ್ ಹತ್ತಿರ ತಮ್ಮ ಪಾಪ ಹೇಳಿಕೊಳ್ಳಬೇಕು. ಇದು ಕೆಟ್ಟರೆ ಭಾನುವಾರ ಇಲ್ಲ. ಸಾಲಿನಲ್ಲಿ ಮೊದಲು ನಿಂತವಳು ನನ್ನ ಮಗಳೇ. ನಾನು ಬಾಗಿಲಿಂದ ಬಾಗಿಲಿಗೆ ಓಡಾಡುತ್ತಿದ್ದೆ. “ಕೂತ್ಕೊಳ್ರಿ, ನಿಮ್ಮನ್ನ ನೋಡಿದ್ರೆ ಪಾಪ ಮಾಡಿದೋರು ನೀವೇ ಅನ್ಸುತ್ತೆ” ಅಂದಳು ಹೆಂಡತಿ.

ಒಳಗೆ ಹೇಳುವುದು ಹೊರಗೆ ಕೇಳಬಾರದು. ಆದರೆ ಮಗಳದು ಗಿರಾಕಿಯನ್ನು ರಸ್ತೆಯಿಂದಲೇ ಕರೆಯುವ ಗಂಟಲು.

ಪಾಪಗಳು ಬೇಗ ಮುಗಿದವು. ಫಾದರ್ ಪ್ರಾಯಶ್ಚಿತ್ತ ಹೇಳಿದ್ದು ನಮಗೆ ಕೇಳಲಿಲ್ಲ. ಅವಳ ಉತ್ತರ ಇಡೀ ಚರ್ಚಿಗೆ ಕೇಳಿತು:

“ಹತ್ತು ಸಲ ನಮೋ ಮರಿಯಾ ಜಪ ಹೇಳ್ಬೇಕಾ? ಫಾದರ್, ಬೆಳಗ್ಗೆ ಬೆಳಗ್ಗೆ ನಂದೇ ಬೋಣಿ. ನೋಡಿ ಹೇಳಿ!”

ಬೆಂಚುಗಳಲ್ಲಿ ಕೂತವರು ಬಾಯಿಗೆ ಸೆರಗು, ಕರ್ಚೀಫು ಒತ್ತಿಕೊಂಡರು. ಬಿಳಿ ಫ್ರಾಕು, ಬಿರಿಯಾನಿ, ಹನೂರಿನ ನೆಂಟರು ಎಲ್ಲ ನನ್ನ ಕಣ್ಣೆದುರೇ ಮುಳುಗಿದವು.

ಮಗಳು ನಗುತ್ತಾ ಹೊರಗೆ ಬಂದಳು.

“ಏನಂದ್ರವ್ವಾ? ನಾಳೆ ಪ್ರಸಾದ ಇದ್ಯೋ ಇಲ್ವೋ?”

“ಇದೆ ಅಂದ್ರು. ಐದಕ್ಕೆ ಒಪ್ಕೊಂಡ್ರು ಅಪ್ಪ.”

“ಉಳಿದ ಐದು?”

“ಅದು ನಿಂಗೆ. ಚೌಕಾಸಿ ಕಲಿಸಿದೋರು ಯಾರೋ ಅವರೇ ಹೇಳ್ಲಿ ಅಂದ್ರು.”

ಅಷ್ಟು ಜನರ ಮುಂದೆ ಮೊಳಕಾಲೂರಿದೆ. ಮೂರು ಮುಗಿಯುವಷ್ಟರಲ್ಲಿ ಅಂಗಡಿ ತೆಗೆಯುವ ಹೊತ್ತಾಯಿತೆಂದು ಮೆಲ್ಲಗೆ ಒಂದು ಕಾಲು ಎತ್ತಿದೆ. ಹೆಗಲ ಮೇಲೆ ಪುಟ್ಟ ಕೈ ಬಿತ್ತು.

“ಅಪ್ಪಾ, ಕೂತ್ಕೋ. ಇಲ್ಲಿ ಫಿಕ್ಸೆಡ್ ರೇಟು.”