ರಾಜಾನುಕುಂಟೆಯ ಕೋಳಿ

ಊರಿಗೆಲ್ಲ ನ್ಯಾಯ ಕೊಡಿಸಿದ ದೊಡ್ಡಬಳ್ಳಾಪುರದ ವಕೀಲ ನರಸಿಂಹಯ್ಯನವರಿಗೆ, ಸ್ವಂತ ಮನೆಯಲ್ಲಿ ಎರಡನೇ ಲೋಟ ಕಾಫಿ ಕೊಡಿಸುವ ವಕೀಲರೇ ಇರಲಿಲ್ಲ. ಇದ್ದ ಒಬ್ಬರು ಹೋದ ಮಾಘದಲ್ಲಿ ತೀರಿಕೊಂಡಿದ್ದರು.

ಅವರೇ ಬೈಲಪ್ಪನವರು. ಕೋರ್ಟಿನ ಎದುರು ಬೀದಿಯಲ್ಲಿ, ಮಗ್ಗದ ಮನೆಗಳ ನಡುವೆ ಸಿಕ್ಕಿಕೊಂಡಿದ್ದ ಆ ಕಚೇರಿಯ ಬೋರ್ಡಿನ ಮೇಲೆ ‘ನರಸಿಂಹಯ್ಯ ಮತ್ತು ಬೈಲಪ್ಪ, ವಕೀಲರು’ ಎಂದು ಬರೆದಿತ್ತು. ಕೆಲಸದ ಹಂಚಿಕೆ ಮಾತ್ರ ಊರಿಗೇ ಗೊತ್ತಿತ್ತು: ಕೈ ನರಸಿಂಹಯ್ಯನವರದು, ಬಾಯಿ ಬೈಲಪ್ಪನವರದು. ನರಸಿಂಹಯ್ಯನವರು ಬರೆದ ದಾವೆಯಲ್ಲಿ ಎದುರು ಪಕ್ಷದವರಿಗೆ ಸೂಜಿ ತೂರಿಸಲೂ ಜಾಗ ಸಿಗುತ್ತಿರಲಿಲ್ಲ. ಆದರೆ ನ್ಯಾಯಾಧೀಶರ ಮುಂದೆ ಎದ್ದು ನಿಂತರೆ ಅವರ ನಾಲಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. (ವಕೀಲಿಯ ಹೊಸದರಲ್ಲಿ ಒಮ್ಮೆ ‘ಮಹಾಸ್ವಾಮಿ’ ಎಂದು ಎದ್ದವರು ಅಷ್ಟಕ್ಕೇ ವಾದ ಮುಗಿಸಿ ಕುಳಿತುಬಿಟ್ಟರಂತೆ. ಕೇಸೂ ಅಷ್ಟಕ್ಕೇ ಮುಗಿಯಿತು.) ಆದ್ದರಿಂದ ಕೋರ್ಟಿನಲ್ಲಿ ಅವರು ಬಲಗಡೆ ಕೂರುವುದು, ಬೈಲಪ್ಪನವರು ಎಡಗಡೆ ಕೂರುವುದು, ಹೇಳಬೇಕಾದ್ದನ್ನು ಇವರು ಚೀಟಿಯಲ್ಲಿ ಬರೆದು ಎಡಕ್ಕೆ ಸರಿಸುವುದು, ಅವರು ಅದನ್ನು ಹಿಡಿದು ಎದ್ದು ಗುಡುಗುವುದು. ದೊಡ್ಡಬೆಳವಂಗಲದ ಕಡೆಯ ಒಂದು ಕೆರೆಯಂಗಳವನ್ನು ಯಾರೋ ಸಾಹುಕಾರ ನುಂಗಿ ನೀರು ಕುಡಿಯಲು ಹೊರಟಿದ್ದಾಗ, ಈ ಕೈ ಬಾಯಿ ಎರಡೂ ಸೇರಿಯೇ ಅದನ್ನು ಕಕ್ಕಿಸಿದ್ದು.

ಮನೆಯಲ್ಲೂ ಇದೇ ಏರ್ಪಾಡು. ನರಸಿಂಹಯ್ಯನವರ ಧರ್ಮಪತ್ನಿ ಅನುಸೂಯಮ್ಮನವರ ನ್ಯಾಯಾಲಯ ಅಡಿಗೆಮನೆಯ ಹೊಸ್ತಿಲ ಮೇಲೆ ನಡೆಯುತ್ತಿತ್ತು. ಅಲ್ಲಿ ಮೇಲ್ಮನವಿಗೆ ಅವಕಾಶವಿಲ್ಲ. ಹೇಳದೆ ಕೇಳದೆ ಕಕ್ಷಿದಾರರನ್ನು ಊಟಕ್ಕೆ ಕರೆತಂದದ್ದು, ಹುಣಸೆಹಣ್ಣು ತರಲು ಹೋಗಿ ಛತ್ರಿ ಕಳೆದುಕೊಂಡು ಬಂದದ್ದು, ಇಂಥ ಘೋರಾಪರಾಧಗಳ ಮಾರನೆಯ ಬೆಳಿಗ್ಗೆ ಬೈಲಪ್ಪನವರು ಬರುತ್ತಿದ್ದರು. ಮೊದಲು ಕಾಫಿ. ಕಾಫಿ ಕುಡಿಯದೆ ಅವರು ಯಾವ ವಾದವನ್ನೂ ಶುರುಮಾಡಿದವರಲ್ಲ. ಆಮೇಲೆ ಕೈಮುಗಿದು, “ಅತ್ತಿಗೆಮ್ಮಾ, ನಮ್ಮ ಕಕ್ಷಿದಾರರು ಬಾಯಿಲ್ಲದ ಬಡಪಾಯಿ” ಎಂದು ಎತ್ತಿಕೊಂಡರೆ, ಮುಗಿಯುವ ಹೊತ್ತಿಗೆ ಅನುಸೂಯಮ್ಮನವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಬೈಲಪ್ಪನವರು ತೀರಿಕೊಂಡ ಮೇಲೆ ನರಸಿಂಹಯ್ಯನವರು ಆ ಹೊಸ್ತಿಲಲ್ಲಿ ಒಂದು ಕೇಸನ್ನೂ ಗೆದ್ದಿರಲಿಲ್ಲ. ಗೆಲ್ಲಬೇಕೆಂಬ ಆಸೆಯೂ ಹೋಗಿತ್ತು.

ಹೀಗಿರುವಾಗ, ಎಪ್ಪತ್ತೆರಡನೇ ಇಸವಿಯಲ್ಲಿ, ಕಚೇರಿಗೆ ಇಪ್ಪತ್ತೈದು ತುಂಬಿತೆಂದು ಊರವರು ಸನ್ಮಾನ ಇಟ್ಟುಕೊಂಡರು. ಸಮಿತಿಯ ಅಧ್ಯಕ್ಷ ಗೋಪಾಲಪ್ಪನವರು ಬಿನ್ನವತ್ತಳೆ ಬರೆಸಿ ತಂದು ತೋರಿಸಿದರು. ಅದರಲ್ಲಿ ನರಸಿಂಹಯ್ಯನವರು ನ್ಯಾಯದೇವತೆಯ ವರಪುತ್ರರಾಗಿದ್ದರು, ವಾಗ್ವೈಭವದ ಮೇರುಪರ್ವತವಾಗಿದ್ದರು.

“ಬೈಲಪ್ಪನ ಹೆಸರೇ ಇಲ್ವಲ್ರೀ?”

“ತೀರ್ಕೊಂಡೋರ ಹೆಸ್ರು ಮಂಗಳಕಾರ್ಯದಲ್ಲಿ ಬ್ಯಾಡ ಅಂದ್ರು ಸ್ವಾಮಿ, ನಾಕ್ ಜನ ಹಿರೀಕ್ರು.”

“ವಾಗ್ವೈಭವ ಅಂತ ನನಗೆ ಬರೆದಿದ್ದೀರಲ್ಲಪ್ಪಾ!”

“ಇರ್ಲಿ ಬಿಡಿ ಸ್ವಾಮಿ, ಚೆನ್ನಾಗ್ ಕೇಳುತ್ತೆ.”

ಆ ಕ್ಷಣ ನರಸಿಂಹಯ್ಯನವರಿಗೆ ಎಲ್ಲಿಂದಲೋ ಧೈರ್ಯ ಬಂತು. ಉತ್ತರ ಭಾಷಣದಲ್ಲಿ ತಾವೇ ಬೈಲಪ್ಪನ ಹೆಸರು ಹೇಳುತ್ತೇವೆ, ಬಾಯಿ ಬಿಟ್ಟು ಹೇಳುತ್ತೇವೆ ಎಂದುಬಿಟ್ಟರು. ಅನುಸೂಯಮ್ಮನವರು ಈ ಸುದ್ದಿಯನ್ನು ಬೈಲಪ್ಪನವರ ಹೆಂಡತಿ ರುಕ್ಮಿಣಮ್ಮನಿಗೆ ಮುಟ್ಟಿಸಿದರು. ಗಂಡ ಹೋದ ಮೇಲೆ ಹೊಸ್ತಿಲು ದಾಟದಿದ್ದ ಆಕೆ, “ಹೆಸ್ರು ಹೇಳ್ತಾರಾ ಅಕ್ಕಾ? ಹಂಗಾದ್ರೆ ಹಿಂದ್ಗಡೆ ಎಲ್ಲಾದ್ರೂ ಕೂತ್ಕೋತೀನಿ” ಎಂದಳು. ಅಲ್ಲಿಗೆ ನರಸಿಂಹಯ್ಯನವರು ತಪ್ಪಿಸಿಕೊಳ್ಳುವ ದಾರಿ ಮುಚ್ಚಿತು.

ಭಾಷಣ ಬರೆಯುವುದಕ್ಕೆ ಅರ್ಧ ಗಂಟೆ ಸಾಕಾಯಿತು. ಅದನ್ನು ಬಾಯಿಂದ ಹೊರಡಿಸುವುದಕ್ಕೆ ಒಂದು ವಾರ ಹಿಡಿಯಿತು. ಅನುಸೂಯಮ್ಮನವರು ಮಣೆ ಹಾಕಿ ಕುಳಿತು, ಸಭಿಕರ ಸ್ಥಾನದಲ್ಲಿ ಕೊಳಗ, ತಪ್ಪಲೆ, ಇಡ್ಲಿಪಾತ್ರೆಗಳನ್ನು ಸಾಲಾಗಿ ನಿಲ್ಲಿಸಿದರು.

“ಹೂಂ, ಶುರು ಮಾಡಿ. ಇಡ್ಲಿಪಾತ್ರೆ ನೋಡಿ ಮಾತಾಡಿ.”

“ಸಭಿ... ಸಭಿ...”

“ರೀ, ಬಾಯಿ ಇರೋದು ಉಪ್ಪಿಟ್ಟು ತಿನ್ನೋಕೆ ಮಾತ್ರ ಅಲ್ಲ. ಇನ್ನೊಂದ್ಸಲ!”

“ಸಭಿಕರೇ, ನನಗೆ ಬಾಯಿಲ್ಲ.”

“ಅದು ಪಾತ್ರೆಗಳಿಗೂ ಗೊತ್ತು. ಮುಂದೆ?”

ಕೊನೆಗೆ ಇಡ್ಲಿಪಾತ್ರೆಯ ಮುಂದೆ ತಡವರಿಸದೆ ಮಾತಾಡುವ ಮಟ್ಟ ಮುಟ್ಟಿದರು. ತನ್ನ ಬಗ್ಗೆಯೂ ಒಂದು ಸಾಲು ಇರಲಿ ಎಂದು ಅಡಿಗೆಮನೆಯ ನ್ಯಾಯಾಲಯ ಆಜ್ಞಾಪಿಸಿದ್ದರಿಂದ ಅದನ್ನೂ ಸೇರಿಸಿದರು.

ಸಭೆ ನಡೆದದ್ದು ನೇಕಾರರ ಸಂಘದ ಹಜಾರದಲ್ಲಿ, ಒಂದು ಭಾನುವಾರ ಮಧ್ಯಾಹ್ನ. ರಾಜಘಟ್ಟದಿಂದಲೂ ಬೆಳವಂಗಲದಿಂದಲೂ ಜನ ಗಾಡಿ ಕಟ್ಟಿಕೊಂಡು ಬಂದಿದ್ದರು. ಹಾರ ಹಾಕಿದರು, ಶಾಲು ಹೊದಿಸಿದರು, ಗೋಪಾಲಪ್ಪನವರು ಬಿನ್ನವತ್ತಳೆ ಓದಿದರು. ಮುಖ್ಯ ಅತಿಥಿಗಳು ನಿವೃತ್ತ ಮುನ್ಸೀಫ ಹನುಮಂತರಾಯಪ್ಪನವರು. ಒಂದು ಕಾಲಕ್ಕೆ ಅವರ ಗದರಿಕೆಗೆ ಕೋರ್ಟಿನ ಸೂರಿನ ಪಾರಿವಾಳಗಳು ಹಾರಿಹೋಗುತ್ತಿದ್ದವು. ಈಗ ವೇದಿಕೆಯ ಮೇಲೆ ಸೊಗಸಾಗಿ ನಿದ್ದೆ ಮಾಡುತ್ತಿದ್ದರು. ಅವರನ್ನು ಕೂರಿಸಿದ್ದು ನರಸಿಂಹಯ್ಯನವರ ಎಡಗಡೆ.

“ಈಗ ಸನ್ಮಾನಿತರಿಂದ ಎರಡು ಮಾತು” ಎಂದು ಗೋಪಾಲಪ್ಪನವರು ಕೂಗಿದರು. ನರಸಿಂಹಯ್ಯನವರು ಹಿಂದಿನ ಬಾಗಿಲ ಪಕ್ಕ ಕುಳಿತಿದ್ದ ರುಕ್ಮಿಣಮ್ಮನನ್ನು ನೋಡಿದರು. ಕೋಟಿನ ಜೇಬಿನಿಂದ ಕಾಗದ ತೆಗೆದರು. ಇಪ್ಪತ್ತೈದು ವರ್ಷ ಪಳಗಿದ ಕೈ, ಯಜಮಾನರನ್ನು ಒಂದು ಮಾತೂ ಕೇಳದೆ, ಕಾಗದವನ್ನು ಎಡಕ್ಕೆ ಸರಿಸಿಬಿಟ್ಟಿತು.

ಮುನ್ಸೀಫರಿಗೆ ಎಚ್ಚರವಾಯಿತು. ಜೀವಮಾನವಿಡೀ ಕೈಗೆ ಬಂದ ಕಾಗದವನ್ನು ಓದಿಯೇ ರೂಢಿ ಅವರಿಗೆ. ಬಿನ್ನವತ್ತಳೆ ಓದಲು ತಮ್ಮನ್ನೇ ಕೇಳುತ್ತಿದ್ದಾರೆಂದು ತಿಳಿದು, ಕನ್ನಡಕ ಏರಿಸಿ, ಮೈಕಿನ ಮುಂದೆ ನಿಂತು ಗುಡುಗಿದರು: “ಸಭಿಕರೇ, ನನಗೆ ಬಾಯಿಲ್ಲ!”

ಆ ಬಾಯಿಂದ ಬೈಸಿಕೊಂಡಿದ್ದ ಊರಿಗೆ ಊರೇ ಹೋ ಎಂದು ನಕ್ಕಿತು. ‘ಇಷ್ಟು ವರ್ಷ ನನ್ನ ಬಾಯಾಗಿದ್ದವರು ಬೈಲಪ್ಪನವರು’ ಎಂಬ ಎರಡನೆಯ ಸಾಲು ಆ ನಗೆಯಲ್ಲಿ ಕೊಚ್ಚಿಹೋಯಿತು. ಮುನ್ಸೀಫರು ನಿಲ್ಲಿಸಲಿಲ್ಲ. “ಮನೆಯಲ್ಲಿಯಂತೂ ನನ್ನ ಹೆಂಡತಿ ಅನುಸೂಯಮ್ಮನ ಮುಂದೆ ನಾನು ತುಟಿಪಿಟಕ್ ಎಂದವನಲ್ಲ!”

ಮುಂದಿನ ಸಾಲಿನಲ್ಲಿ ಕುಳಿತಿದ್ದ ಮುನ್ಸೀಫರ ಪತ್ನಿ ಆದಿಲಕ್ಷ್ಮಮ್ಮನವರು ಸಟಕ್ಕನೆ ಎದ್ದು, “ಯಾರ್ರೀ ಅದು ಅನುಸೂಯಮ್ಮ?” ಎಂದರು.

ಅಲ್ಲಿಗೆ ಸಭೆ ಕೈಮೀರಿತು. ಬೆಂಚು ತಟ್ಟಿ ನಗುವವರು, ಕಣ್ಣೊರೆಸಿಕೊಳ್ಳುವವರು. ಗಾಬರಿಯಾದ ಗೋಪಾಲಪ್ಪನವರು ಮೈಕು ಕಿತ್ತುಕೊಂಡು, “ಎಲ್ರೂ ಎದ್ದೇಳಿ, ಜನಗಣಮನ!” ಎಂದರು. ನರಸಿಂಹಯ್ಯನವರು ಆಗ ತಾನೇ ಎದ್ದು ಬಾಯಿ ತೆರೆದಿದ್ದರು. ರಾಷ್ಟ್ರಗೀತೆಯ ನಡುವೆ ಭಾಷಣ ಮಾಡಲಾದೀತೆ? ತೆರೆದ ಬಾಯಿ ತೆರೆದಂತೆಯೇ ನೆಟ್ಟಗೆ ನಿಂತರು. ಗೀತೆ ಮುಗಿದಾಗ ಹಿಂದಿನ ಬಾಗಿಲ ಬಳಿಯ ಕುರ್ಚಿ ಖಾಲಿಯಾಗಿತ್ತು.

ಅವರ ಕಣ್ಣು ತುಂಬಿತು. ಜನ ಅದನ್ನು ಆನಂದಬಾಷ್ಪ ಎಂದುಕೊಂಡರು.

ಶಾಲು ಹೆಗಲ ಮೇಲಿದ್ದಂತೆಯೇ ನರಸಿಂಹಯ್ಯನವರು ರುಕ್ಮಿಣಮ್ಮನ ಮನೆಗೆ ಹೊರಟರು. ಜೊತೆಗೆ ಬಂದ ಅನುಸೂಯಮ್ಮನವರು ದಾರಿಯುದ್ದಕ್ಕೂ ಬೈಯಲಿಲ್ಲ. ಗಂಡನಿಗೆ ಅದರಿಂದಲೇ ಹೆಚ್ಚು ಭಯವಾಯಿತು.

ರುಕ್ಮಿಣಮ್ಮ ಚಾಪೆ ಹಾಸಿದಳು. ನರಸಿಂಹಯ್ಯನವರು, “ಅಮ್ಮಾ... ನಾನು...” ಎಂದು ನಿಂತುಬಿಟ್ಟರು.

“ಹೋಗ್ಲಿ ಬಿಡಿ ಅಣ್ಣಾ. ನಗೋರ ಮಧ್ಯೆ ಹೆಸ್ರು ಒಂದ್ಸಲ ಕೇಳಿಸ್ತು ನಂಗೆ. ನಾನ್ ಬಂದಿದ್ದು ಬರೀ ಹೆಸರಿಗಲ್ಲ.” ಆಕೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. “ಅವ್ರು ಹೆಂಗ್ ಮಾತಾಡ್ತಿದ್ರು ಅಂತ ಯಾರಾದ್ರೂ ಹೇಳ್ತಾರೇನೋ, ಕೇಳಾನ ಅಂತ ಬಂದೆ. ಮನೇಗ್ ಬರೋ ಹೊತ್ಗೆ ಅವ್ರ ಗಂಟ್ಲು ಒಣಗಿರ್ತಿತ್ತು. ಮುದ್ದೆ ಉಣ್ಣೋರು, ಮಜ್ಜಿಗೆ ಕುಡಿಯೋರು, ಮಲಗೋರು. ಊರೆಲ್ಲಾ ಅವ್ರ ಮಾತ್ಗೆ ಮರುಳಾಗಿತ್ತಂತೆ. ನಾನೇನ್ ಕೋರ್ಟೊಳಕ್ಕೆ ಹೋಗಂಗಿತ್ತಾ?”

ಅನುಸೂಯಮ್ಮನವರ ಮುಖ ಸಣ್ಣದಾಯಿತು. ಆ ಮನೆಗೆ ಸೇರಬೇಕಾಗಿದ್ದ ಮಾತು ಎಷ್ಟೋ ಬೆಳಗು ತಮ್ಮ ಅಡಿಗೆಮನೆಯ ಹೊಸ್ತಿಲಲ್ಲಿ ಖರ್ಚಾಗಿತ್ತಲ್ಲ ಎಂದು ಅವರಿಗೆ ಮೊದಲ ಸಲ ಹೊಳೆಯಿತು. ಗಂಡನನ್ನು ಮೊಣಕೈಯಿಂದ ತಿವಿದು, “ಹೇಳಿ. ನನ್ನ ತಮ್ಮನ ವರಪೂಜೆ ತಪ್ಪಿಸಿದ್ದಕ್ಕೆ ಬೈಲಪ್ಪನವರು ಬಂದು ವಾದಿಸಿದ್ರಲ್ಲ, ಬಸ್ಸು ಕೆಟ್ಟಿದ್ದು, ಆ ಕೋಳಿ ಕಥೆ ಹೇಳಿ” ಎಂದರು.

ನರಸಿಂಹಯ್ಯನವರು ಹೇಗೆ ಶುರುಮಾಡಿದರೋ ಅವರಿಗೇ ತಿಳಿಯದು. ಎದ್ದು ನಿಂತು, ಬೈಲಪ್ಪನವರ ಹಾಗೆ ಕೈಮುಗಿದು, ಅವರ ಹಾಗೆಯೇ ಹುಬ್ಬು ಹಾರಿಸಿದರು. “ಅತ್ತಿಗೆಮ್ಮಾ! ನಾವೇನೋ ವರಪೂಜೆಗೆ ಬರಬೇಕು ಅಂತ್ಲೇ ಬೆಂಗಳೂರಲ್ಲಿ ಬಸ್ಸು ಹತ್ತಿದ್ವಿ. ರಾಜಾನುಕುಂಟೆ ಹತ್ರ ಬಸ್ಸು ಕುಕ್ಕರಿಸ್ಕೊಂಡ್ ಬಿಡ್ತು. ಒಂದು ಅಜ್ಜಿ ಕುಕ್ಕೆಯಿಂದ ಕೋಳಿ ಹಾರಿ ಹೋಯ್ತು. ಅಜ್ಜಿ ಗೋಳೋ ಅಂದ್ಲು. ಈ ನ್ಯಾಯವಾದಿ ಸುಮ್ನಿರೋಕಾಗುತ್ತಾ? ಕಪ್ಪು ಕೋಟಲ್ಲೇ ರಾಗಿ ಹೊಲಕ್ಕೆ ಇಳಿದೆ! ಕೋಳಿ ಮುಂದೆ, ನಾನು ಹಿಂದೆ!” ಚಾಪೆಯ ಸುತ್ತ ಓಡಿ ತೋರಿಸಿದರು. ಶಾಲು ಜಾರಿಬಿತ್ತು. ರುಕ್ಮಿಣಮ್ಮ ನಗುತ್ತಿದ್ದಳು, ಅಳುತ್ತಲೂ ಇದ್ದಳು. ಬದುಕಿನಲ್ಲಿ ಮೊದಲ ಬಾರಿ ತಮ್ಮ ಮಾತಿಗೆ ಒಬ್ಬರು ನಗುವುದನ್ನು ಕಂಡ ನರಸಿಂಹಯ್ಯನವರಿಗೆ ಅಮಲೇರಿತು. “ಮಜಾ ಏನು ಗೊತ್ತಾ? ಬಸ್ಸೂ ಕೆಟ್ಟಿರಲಿಲ್ಲ, ಕೋಳೀನೂ ಇರಲಿಲ್ಲ! ನಾವಿಬ್ರೂ ಮೆಜೆಸ್ಟಿಕ್‌ನಲ್ಲಿ ಮ್ಯಾಟಿನಿ ನೋಡ್ತಿದ್ವಿ!”

ಅನುಸೂಯಮ್ಮನವರ ಕಣ್ಣು ಕೆಂಡವಾಗಿತ್ತು. ಆದರೆ ಮಾತಾಡಿದ್ದು ರುಕ್ಮಿಣಮ್ಮ.

“ಕೋಳೀನೂ ಸುಳ್ಳಾ ಅಣ್ಣಾ?”

“ಯಾಕಮ್ಮಾ?”

“ಅವತ್ತು ನಂಗೆ ಜ್ವರ. ಮಲಗಿದ್ದೆ. ಬಂದು ಪಕ್ಕದಲ್ಲಿ ಕೂತ್ಕೊಂಡು ಈ ಕೋಳಿ ಕಥೇನೆಲ್ಲ ಹೇಳಿದ್ರು. ಅಷ್ಟುದ್ದ ಮಾತು ನನ್ ಹತ್ರ ಆಡಿದ್ದು ಅದೊಂದೇ ಸಲ. ನೆನೆಸ್ಕೊಂಡು ನೆನೆಸ್ಕೊಂಡು ನಗ್ತಿದ್ದೆ. ಮಾರನೇ ದಿನ ಅಕ್ಕನ ಹತ್ರ ಹೇಳೋಕೆ ನನ್ ಮುಂದೆ ಪಾಠ ಒಪ್ಪಿಸಿದ್ರಾ ಹಂಗಾದ್ರೆ?”

ನರಸಿಂಹಯ್ಯನವರ ಕೈ ಎಡಕ್ಕೆ ಹೋಯಿತು. ಎಡಗಡೆ ಗೋಡೆ ಇತ್ತು. ಆ ಗೋಡೆಯನ್ನು ಒಂದು ಗಳಿಗೆ ನೋಡಿ, ಗಂಟಲು ಸರಿಪಡಿಸಿಕೊಂಡು, ಚೀಟಿಯಿಲ್ಲದೆ ವಾದಕ್ಕೆ ನಿಂತರು.

“ಇಲ್ಲಮ್ಮಾ! ಮ್ಯಾಟಿನಿಗೆ ಹೋಗಿದ್ದು ಬೇರೆ ದಿನ. ನನ್ನ ಹಾಳು ತಲೆ, ಎರಡೂ ಕಲಸಿಬಿಟ್ಟೆ. ನಾನೊಂದು ಕೇಳ್ತೀನಿ, ಹೌದು ಇಲ್ಲ ಅನ್ನಬೇಕು. ಅವತ್ತು ಬಂದಾಗ ಅವನ ಕೈಮೇಲೆ ಗಾಯ ಇತ್ತೋ ಇಲ್ವೋ?”

“ಇತ್ತು. ನಾನೇ ಎದ್ದು ಅರಿಶಿನ ಹಚ್ಚಿದ್ದೆ.”

“ಮೆಜೆಸ್ಟಿಕ್‌ನ ಕುರ್ಚಿ ಕುಕ್ಕುತ್ತೇನಮ್ಮಾ? ಕುಕ್ಕಿದ್ದು ಕೋಳಿ! ನನ್ನ ಕರ್ಚೀಫಲ್ಲಿ ಕಟ್ಟಿದ್ದು ನಾನೇ!” (ಕರ್ಚೀಫಿನ ಮಾತು ನಿಜ. ಗಾಯವಾದದ್ದು ಟಿಕೆಟ್ಟಿನ ಕಿಂಡಿಯ ನೂಕುನುಗ್ಗಲಿನಲ್ಲಿ.) “ಅವನು ಕೋರ್ಟಲ್ಲಿ ನೂರು ಸುಳ್ಳು ಹೇಳಿರಬಹುದು. ನಿನ್ನ ಹತ್ರ ಕೂತು ಹೇಳಿದ್ದು ಸುಳ್ಳಲ್ಲ ತಾಯಿ. ಪಾಠ ಒಪ್ಪಿಸಿದ್ದು ಅವನು ನಮ್ಮನೇಲಿ. ನಿನಗೆ ಹೇಳಿದ್ದೇ ಅಸಲು.”

ಮಾತು ಎಲ್ಲೂ ನಿಲ್ಲಲಿಲ್ಲ. ರುಕ್ಮಿಣಮ್ಮ ತಿರುಗಿ ಅನುಸೂಯಮ್ಮನವರ ಮುಖ ನೋಡಿದಳು. ಇಬ್ಬರೂ ಅವರ ತೀರ್ಪಿಗೆ ಕಾದರು.

“ಬಸ್ಸು ಕೆಟ್ಟಿತ್ತು ಕಣೇ ರುಕ್ಮಿಣಿ” ಎಂದರು ಅನುಸೂಯಮ್ಮನವರು. “ಆಮೇಲೆ ಕಂಡಕ್ಟರನ್ನೇ ಹಿಡಿದು ಕೇಳಿದ್ದೆ. ಕೋಳಿ ಕೆಂಪಗಿತ್ತಂತೆ.”

“ಹೂಂ. ಕೆಂಪು ಹ್ಯಾಟೆ ಕೋಳಿ ಅಂತ್ಲೇ ಅಂದಿದ್ರು” ಎಂದು ರುಕ್ಮಿಣಮ್ಮ ಕಣ್ಣೊರೆಸಿಕೊಂಡಳು. ಬಾಗಿಲವರೆಗೂ ಬಂದು, “ಅಣ್ಣಾ, ಈಗ ಗೊತ್ತಾಯ್ತು ಬಿಡಿ, ಅವ್ರು ಹೆಂಗ್ ಮಾತಾಡ್ತಿದ್ರು ಅಂತ” ಎಂದಳು.

ಮನೆ ಸೇರಿದರು. ಅನುಸೂಯಮ್ಮನವರು ಬಾಗಿಲ ಬೀಗ ತೆಗೆದು, ಹೊಸ್ತಿಲ ಮೇಲೆ ನಿಂತು ತಿರುಗಿದರು.

“ಆ ತೀರ್ಪು ಆ ಮನೆಗೆ. ಈ ಮನೇಲಿ ವಿಚಾರಣೆ ಇನ್ನೂ ಬಾಕಿ ಇದೆ. ನನ್ನ ತಮ್ಮನ ವರಪೂಜೆ ಬಿಟ್ಟು ಹೋಗಿದ್ರಲ್ಲ, ಹೇಗಿತ್ತು ಸಿನಿಮಾ?”

“ಗೊತ್ತಿಲ್ಲ ಕಣೇ” ಎಂದರು ನರಸಿಂಹಯ್ಯನವರು. “ಒಂದು ಮಾತೂ ಕೇಳಿಸಲಿಲ್ಲ. ಪೂರ್ತಿ ಪಕ್ಕದಲ್ಲಿ ಅವನು ಮಾತಾಡ್ತಾನೇ ಇದ್ದ.”

ಅನುಸೂಯಮ್ಮನವರು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಕಾಫಿ ಬಂತು. ಅದು ಮುಗಿದ ಮೇಲೆ ಕೇಳದೆಯೇ ಎರಡನೇ ಲೋಟವೂ ಬಂತು. ನರಸಿಂಹಯ್ಯನವರು ಸ್ವಂತ ಬಾಯಿಂದ ಗೆದ್ದ ಮೊದಲ ಕೇಸನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಗುಟುಕು ಕುಡಿದರು. ಸಕ್ಕರೆ ಹಾಕಿರಲಿಲ್ಲ.