ಹಿತ್ತಲ ಬೇಲಿ ಮಟ್ಟ ಮಾಡಿದ ಭಾನುವಾರ

ಇಷ್ಟೆಲ್ಲ ರಾದ್ಧಾಂತಕ್ಕೆ ಮೂಲ ಒಂದು ಸುತ್ತೋಲೆ. ಮಳೆಗಾಲ ಮುಗಿದು ಬೀದಿಯ ಗಿಡಗಳೆಲ್ಲ ಕ್ಷೌರ ಕಾಣದ ತಲೆಗಳಂತೆ ಬೆಳೆದು ನಿಂತಿದ್ದವು. ನಿವಾಸಿಗಳ ಸಂಘದ ಕಾರ್ಯದರ್ಶಿಗಳು ಒಂದು ಕಾಗದ ಬರೆದು ಮನೆಮನೆಗೆ ಹಂಚಿಸಿದರು. ಬರುವ ಭಾನುವಾರ ಸಂಜೆ ಐದರೊಳಗೆ ಪ್ರತಿಯೊಬ್ಬರೂ ತಮ್ಮ ಹುಲ್ಲುಹಾಸು ಕತ್ತರಿಸಿ, ಬೇಲಿ ಗಿಡಗಳನ್ನು ಸವರಿ ಅಚ್ಚುಕಟ್ಟು ಮಾಡಿಕೊಳ್ಳಬೇಕು. ಐದಕ್ಕೆ ಸರಿಯಾಗಿ ತಪಾಸಣೆ. ಮಾಡದೆ ಬಿಟ್ಟವರ ಬೇಲಿಯನ್ನು ಸಂಘದ ಆಳು ಯಂತ್ರ ತಂದು ಮೂರಡಿಗೆ ಇಳಿಸುತ್ತಾನೆ. ಕೆಳಗೆ ಸಹಿ, ಮೊಹರು.

ಬೀದಿಯಲ್ಲಿ ಉಳಿದವರೆಲ್ಲ ಓದಿ ಮಡಚಿಟ್ಟರು. ಮಡಚದೆ ಮತ್ತೆ ಮತ್ತೆ ಓದಿದವನು ದೂರಪ್ಪ ಮಾತ್ರ.

ದೂರಪ್ಪ ಎಂಬುದು ಅವನ ತಂದೆತಾಯಿ ಇಟ್ಟ ಹೆಸರಲ್ಲ, ಬೀದಿಯವರು ಬೆನ್ನ ಹಿಂದೆ ಇಟ್ಟದ್ದು. ನೀರು ಸರಬರಾಜು ಕಚೇರಿಯಲ್ಲಿ ಅವನು ದೂರು ವಿಭಾಗದ ಗುಮಾಸ್ತ. ಹತ್ತೊಂಬತ್ತು ವರ್ಷದಿಂದ ಬೆಳಿಗ್ಗೆ ಹತ್ತರಿಂದ ಸಂಜೆಯವರೆಗೆ ಕೌಂಟರಿನ ಹಿಂದೆ ಕೂತು, ನಲ್ಲಿಯಲ್ಲಿ ನೀರಿಲ್ಲ, ನಲ್ಲಿಯಲ್ಲಿ ಬರೀ ಗಾಳಿ, ಪೈಪು ಒಡೆದು ನೀರು ರಸ್ತೆಯ ಪಾಲು ಎಂದೆಲ್ಲ ಜನ ಹೇಳಿದ್ದನ್ನು ಕೇಳಿ ಪುಸ್ತಕದಲ್ಲಿ ಬರೆದುಕೊಳ್ಳುವುದೇ ಅವನ ಕೆಲಸ. ಕೇಳಿ ಕೇಳಿ ಅವನಿಗೆ ಒಂದು ಚಾಳಿ ಅಂಟಿಬಿಟ್ಟಿತ್ತು. ಎದುರಿಗಿದ್ದವರು ಏನೇ ಹೇಳಲಿ, ಅವನ ತಲೆ ತಾನಾಗಿಯೇ ಹೌದು ಹೌದು ಎಂದು ಆಡುತ್ತಿತ್ತು. ಇದು ಗೊತ್ತಾದ ಮೇಲೆ ಬಸ್ಸಿನಲ್ಲಿ, ಅಂಗಡಿಯಲ್ಲಿ, ಕ್ಷೌರದ ಕುರ್ಚಿಯಲ್ಲಿ ಕೂಡ ಜನ ಅವನನ್ನು ಹಿಡಿದು ತಮ್ಮ ಕಷ್ಟ ಒಪ್ಪಿಸತೊಡಗಿದ್ದರು.

ಅವನಿಗೆ ಉಸಿರಾಡಲು ಉಳಿದಿದ್ದ ಒಂದೇ ಜಾಗ ಮನೆಯ ಹಿತ್ತಲು. ಎಡಕ್ಕೂ ಬಲಕ್ಕೂ ಎತ್ತರದ ಗೋಡೆ. ಹಿಂದೆ, ಆಚೆ ಬೀದಿಯ ಮನೆಗೂ ಇವರಿಗೂ ನಡುವೆ, ಮೂವತ್ತು ಅಡಿ ಉದ್ದದ ಆರಡಿ ಎತ್ತರದ ದಟ್ಟ ಹಸಿರು ಬೇಲಿ. ದಿನವೂ ಸಂಜೆ ಐದೂವರೆಯಿಂದ ಆರೂವರೆವರೆಗೆ ಅದರ ಬುಡದಲ್ಲಿ ಬೆತ್ತದ ಕುರ್ಚಿ ಹಾಕಿಕೊಂಡು ದೂರಪ್ಪ ಸುಮ್ಮನೆ ಕೂರುತ್ತಿದ್ದ. ಓದುತ್ತಿರಲಿಲ್ಲ, ರೇಡಿಯೊ ಕೇಳುತ್ತಿರಲಿಲ್ಲ. ಆ ಒಂದು ಗಂಟೆ ಅವನಿಗೆ ಯಾರೂ ಏನೂ ಹೇಳುತ್ತಿರಲಿಲ್ಲ, ಅಷ್ಟೇ. ಮನೆಗೆ ಬೆಂಕಿ ಬಿದ್ದರೆ ಮಾತ್ರ ಕರೆಯುವುದೆಂದು ಹೆಂಡತಿಯೂ ಒಪ್ಪಿದ್ದಳು.

ಬೇಲಿ ಮೂರಡಿಯಾದರೆ ಆ ಗಂಟೆ ಹೋದಂತೆಯೇ. ಆಚೆ ಬೀದಿಯವರ ಕಷ್ಟವೂ ಇವನ ಕಿವಿಗೆ ಬೀಳುತ್ತದೆ. ಆದ್ದರಿಂದ ಯಂತ್ರ ಬರುವ ಮೊದಲು ತಾನೇ ಮೇಲಿಂದ ಆರಿಂಚು ತೆಗೆದು, ಬೇಲಿಯನ್ನು ಯಾರೂ ಬೆರಳು ತೋರಿಸದಂತೆ ಮಾಡಿ ಉಳಿಸಿಕೊಳ್ಳಬೇಕೆಂದು ದೂರಪ್ಪ ನಿರ್ಧರಿಸಿದ. ತೋಟಗಾರಿಕೆಯ ಒಂದು ಪುಸ್ತಿಕೆ ತಂದು ಎರಡು ಸಲ ಓದಿದ. ಮಳೆ ಮುಗಿದಾಗ ಹೊಸ ಚಿಗುರನ್ನಷ್ಟೇ ಸವರಬೇಕು, ಒಳಗಿನ ಹಳೆಯ ಕಂದು ಬಣ್ಣದ ಕೊಂಬೆಗೆ ಕತ್ತರಿ ಹಾಕಿದರೆ ಅಲ್ಲಿ ಮತ್ತೆ ಎಲೆ ಬರುವ ಖಾತ್ರಿಯಿಲ್ಲ ಎಂದಿತ್ತು. ಆ ಸಾಲಿನ ಕೆಳಗೆ ಗೆರೆ ಎಳೆದುಕೊಂಡ.

ಭಾನುವಾರ ಎಂಟು ಗಂಟೆಗೆ ಸ್ಟೂಲು ಹತ್ತಿ ದೊಡ್ಡ ಕತ್ತರಿ ಹಿಡಿದ. ಒಂದು ಗಂಟೆಯ ಕೆಲಸ, ಆಮೇಲೆ ಮುಂದಿನ ಅಂಗಳದ ಹುಲ್ಲು, ಮಧ್ಯಾಹ್ನಕ್ಕೆ ಸ್ನಾನ, ಊಟ ಎಂಬ ಲೆಕ್ಕಾಚಾರ ಅವನದು.

ಎಡಗಡೆ ಮನೆಯಲ್ಲಿ ದರ್ಜಿ ಇದ್ದ. ಕತ್ತರಿಯ ಸದ್ದು ಕೇಳಿಯೂ ಸುಮ್ಮನೆ ಕೂರುವ ದರ್ಜಿ ಇನ್ನೂ ಹುಟ್ಟಿಲ್ಲ. ನಾಲ್ಕು ಸಲ ಕಚಕ್ ಎನ್ನುವಷ್ಟರಲ್ಲಿ ಅವನು ಕೊರಳಿಗೆ ಟೇಪು ಹಾಕಿಕೊಂಡೇ ಹಿತ್ತಲಿಗೆ ಬಂದ. ದೂರಪ್ಪನ ಹೆಂಡತಿಯನ್ನು ಅವನು ಅಕ್ಕ ಎನ್ನುತ್ತಿದ್ದುದರಿಂದ ದೂರಪ್ಪ ಅವನಿಗೆ ಭಾವ.

"ಭಾವ, ಕಣ್ಣಳತೇಲಿ ಕತ್ತರಿಸಿದ ಬಟ್ಟೆ ಯಾರ ಮೈಗೂ ಕೂರಲ್ಲ. ಇಳೀರಿ ಕೆಳಗೆ. ನೆಲದಿಂದ ಅಳೆದು ಗುರುತು ಹಾಕಿ ಕೊಡ್ತೀನಿ."

ದೂರಪ್ಪನ ತಲೆ ಆಡಿತು. ದರ್ಜಿ ಮಾರುದ್ದಕ್ಕೊಂದು ಕಡೆ ನೆಲದಿಂದ ಮೇಲಕ್ಕೆ ಅಳೆದು, ಎಲ್ಲ ಕಡೆಯೂ ಐದೂವರೆ ಅಡಿಗೆ ಸುಣ್ಣದ ಗುರುತು ಹಾಕಿ ದಾರ ಕಟ್ಟಿದ. ದಾರದ ಮೇಲಿದ್ದದ್ದನ್ನೆಲ್ಲ ದೂರಪ್ಪ ಕತ್ತರಿಸಿದ. ಹತ್ತು ಗಂಟೆಗೆ ಬೇಲಿ ನೋಡಿದರೆ ನಿಜಕ್ಕೂ ಚೆನ್ನಾಗಿತ್ತು. ಅಲ್ಲಿಗೇ ಕತ್ತರಿ ಒಳಗಿಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಬಲಗಡೆ ಮನೆಯಲ್ಲಿ ಗಾರೆ ಮೇಸ್ತ್ರಿ ಇದ್ದ.

ಒಂದು ವಿಷಯ ಹೇಳುವುದು ಬಿಟ್ಟುಹೋಯಿತು. ದೂರಪ್ಪನ ಹಿತ್ತಲು ಇಳಿಜಾರು. ದರ್ಜಿಯ ಗೋಡೆಯ ಕಡೆ ನೆಲ ಎತ್ತರ, ಮೇಸ್ತ್ರಿಯ ಗೋಡೆಯ ಕಡೆಗೆ ಬರುವಷ್ಟರಲ್ಲಿ ಒಂದೂವರೆ ಅಡಿ ತಗ್ಗು. ನೆಲದಿಂದ ಅಳೆದು ಕತ್ತರಿಸಿದ್ದರಿಂದ ಬೇಲಿಯ ನೆತ್ತಿಯೂ ನೆಲದ ಜೊತೆಗೇ ಜಾರಿತ್ತು. ಸೊಟ್ಟಗಿರುವುದನ್ನು ಕಂಡರೆ ಮೇಸ್ತ್ರಿಗೆ ಹಲ್ಲುನೋವು ಬಂದ ಹಾಗಾಗುತ್ತಿತ್ತು. ಅವನು ಗೋಡೆಯ ಮೇಲಿಂದ ಬಗ್ಗಿ ನೋಡಿ, ಒಳಗೆ ಹೋಗಿ, ನೀರು ತುಂಬಿದ ಉದ್ದನೆಯ ಪಾರದರ್ಶಕ ಪೈಪು ಹಿಡಿದು ಬಂದ. ಪೈಪಿನ ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಕಟ್ಟಡದವರು ಗೋಡೆಯ ಮಟ್ಟ ನೋಡುವುದೇ ಹಾಗೆ.

"ಸಾರ್, ನೀರು ಸುಳ್ಳು ಹೇಳಲ್ಲ. ಟೇಪು ಹೇಳುತ್ತೆ," ಎಂದ ಮೇಸ್ತ್ರಿ. "ಆ ಕಡೆ ಒಂದೂವರೆ ಅಡಿ ಎತ್ತರ ಇದೆ. ಇಳಿಸಿ."

ನೀರಿನ ಕಚೇರಿಯ ನೌಕರ ನೀರಿನ ಮಾತಿಗೆ ಇಲ್ಲ ಎನ್ನುವುದು ಹೇಗೆ? ದೂರಪ್ಪ ಇಳಿಸಿದ. ಮೇಸ್ತ್ರಿಯ ಕಡೆ ಐದೂವರೆ ಹಾಗೇ ಉಳಿಯಿತು, ದರ್ಜಿಯ ಕಡೆ ನಾಲ್ಕಾಯಿತು. ಅಲ್ಲಿ ಒಳಗಿನ ಹಳೆಯ ಕೊಂಬೆಗಳು ಕಂಡವು. ಪುಸ್ತಿಕೆಯಲ್ಲಿ ಗೆರೆ ಎಳೆದ ಸಾಲು ನೆನಪಾಗಿ ಅವನಿಗೆ ಕಸಿವಿಸಿಯಾಯಿತು. ಹೋಗಲಿ, ಕುರ್ಚಿಯನ್ನು ಮೇಸ್ತ್ರಿಯ ಕಡೆಗೆ ಸರಿಸಿಕೊಂಡರಾಯಿತು ಎಂದು ಸಮಾಧಾನ ಮಾಡಿಕೊಂಡ.

ತಿಂಡಿ ಮುಗಿಸಿ ಬಂದ ದರ್ಜಿ ಬೇಲಿ ನೋಡಿ ಅಲ್ಲೇ ನಿಂತ. ತನ್ನ ಅಳತೆಯ ಮೇಲೆ ಇನ್ನೊಬ್ಬರು ಕತ್ತರಿ ಆಡಿಸಿದ್ದು ಅವನ ವೃತ್ತಿಗೇ ಅವಮಾನ. ಒಂದು ಕಾಲು ಪಾದಕ್ಕೆ, ಇನ್ನೊಂದು ಕಾಲು ಮೊಣಕಾಲಿಗೆ ಬರುವ ಪ್ಯಾಂಟನ್ನು ಯಾರು ಹಾಕಿಕೊಳ್ಳುತ್ತಾರೆ ಎಂದು ಕೇಳಿದ. ಇದು ಪ್ಯಾಂಟಲ್ಲ, ಬೇಲಿ ಎಂದ ಮೇಸ್ತ್ರಿ. ಬೇಲಿ ನೆಲದ ಮೈಗೆ ಹಾಕಿದ ಬಟ್ಟೆ ಎಂದ ದರ್ಜಿ. ಇಬ್ಬರೂ ದೂರಪ್ಪನ ಕಡೆ ತಿರುಗಿದರು. ದೂರಪ್ಪನ ತಲೆ ಮೊದಲು ಎಡಕ್ಕೆ ತಿರುಗಿ ಆಡಿತು, ಆಮೇಲೆ ಬಲಕ್ಕೆ ತಿರುಗಿ ಆಡಿತು. ಅವನ ಕಷ್ಟವೆಂದರೆ ಇಬ್ಬರು ಹೇಳುವುದೂ ಸರಿಯಾಗಿತ್ತು.

ಮೇಸ್ತ್ರಿ ಮುನಿಸಿಕೊಂಡು ಹೋದ ಮೇಲೆ ದರ್ಜಿ ನೆಲದಿಂದ ಅಳೆದು ಎಲ್ಲ ಕಡೆಯೂ ನಾಲ್ಕಡಿ ಮಾಡಿಸಿದ. ದರ್ಜಿ ಊಟಕ್ಕೆ ಎದ್ದ ಮೇಲೆ ಮೇಸ್ತ್ರಿ ಮನಸ್ಸು ತಡೆಯದೆ ಪೈಪಿನ ಸಮೇತ ಮರಳಿ ಬಂದು, ಮಟ್ಟ ಮಾಡಿ, ದರ್ಜಿಯ ಕಡೆಯನ್ನು ಎರಡೂವರೆಗೆ ಇಳಿಸುವಂತೆ ಮಾಡಿದ. ದೂರಪ್ಪ ಊಟ ಮಾಡಲಿಲ್ಲ. ಅಂಗೈಯಲ್ಲಿ ಎರಡು ಬೊಬ್ಬೆ ಎದ್ದಿದ್ದವು. ಕತ್ತರಿಸಿದ ಸೊಪ್ಪಿನಲ್ಲಿ ಅರ್ಧ ಈಚೆ ಬಿದ್ದರೆ ಅರ್ಧ ಆಚೆ ಮನೆಯವರ ಹುಲ್ಲಿನ ಮೇಲೆ ಬೀಳುತ್ತಿತ್ತು. ಆ ಮನೆಯಲ್ಲಿ ಬೆಳಿಗ್ಗೆಯಿಂದ ಯಾರೂ ಇದ್ದಂತಿರಲಿಲ್ಲ.

ನಾಲ್ಕು ಗಂಟೆಗೆ ದರ್ಜಿಯ ಮೂರನೆಯ ಅಳತೆಯೂ ಮುಗಿದು, ಬೇಲಿ ಉದ್ದಕ್ಕೂ ಎರಡೂವರೆ ಅಡಿಗೆ ಬಂದು ನಿಂತಿತು. ಎಲೆ ಎಂಬುದು ಅಲ್ಲೊಂದು ಇಲ್ಲೊಂದು. ಉಳಿದದ್ದು ಪೊರಕೆ ಕಡ್ಡಿಗಳ ಸಾಲು. ಅಷ್ಟರಲ್ಲಿ ಗೋಡೆಯ ಮೇಲೆ ಮತ್ತೆ ನೀರಿನ ಪೈಪಿನ ತುದಿ ಕಾಣಿಸಿಕೊಂಡಿತು. ಅಡುಗೆಮನೆಯ ಕಿಟಕಿಯಿಂದ ಎಲ್ಲವನ್ನೂ ನೋಡುತ್ತಿದ್ದ ಹೆಂಡತಿ ಹೊರಗೆ ಬಂದು ಗಂಡನ ಕೈಯಿಂದ ಕತ್ತರಿ ಕಿತ್ತುಕೊಂಡಳು.

"ರೀ, ಸಾಕು ಮಾಡಿ. ಇನ್ನೊಂದು ಸಲ ಮಟ್ಟ ಮಾಡಿದ್ರೆ ನೆಲಾನೇ ಅಗೀಬೇಕಾಗುತ್ತೆ. ಮುಂದಿನ ಹುಲ್ಲು ಹಾಗೇ ಬಿದ್ದಿದೆ, ಅದನ್ನ ಯಾರು ನೋಡ್ತಾರೆ?"

ಹುಲ್ಲು ಮರೆತೇ ಹೋಗಿತ್ತು. ಎರವಲು ತಂದಿದ್ದ ಹುಲ್ಲು ಕತ್ತರಿಸುವ ಗಾಡಿಯನ್ನು ದೂರಪ್ಪ ಮುಂದಿನ ಅಂಗಳಕ್ಕೆ ತಳ್ಳಿಕೊಂಡು ಹೋದ. ಮೊಣಕಾಲೆತ್ತರದ ಹುಲ್ಲು ಅಲಗಿಗೆ ಸುತ್ತಿಕೊಂಡು ಗಾಡಿ ನಾಲ್ಕು ಹೆಜ್ಜೆಗೇ ನಿಂತುಬಿಟ್ಟಿತು. ಅದನ್ನು ಬಿಡಿಸುತ್ತ ಕೂತಿದ್ದಾಗ ಐದು ಗಂಟೆಯಾಯಿತು, ಕಾರ್ಯದರ್ಶಿಗಳು ಗೇಟು ತೆಗೆದರು.

ಹಿರಿಯರು, ಮಾತು ಕಡಿಮೆ, ಕಂಕುಳಲ್ಲಿ ಪುಸ್ತಕ. ಹುಲ್ಲು ನೋಡಿ ಪುಸ್ತಕದಲ್ಲಿ ಒಂದು ಅಡ್ಡಗೆರೆ ಎಳೆದರು. ದೂರಪ್ಪ ಬೇಲಿಯಾದರೂ ಮಾನ ಉಳಿಸೀತೆಂದು ಅವರನ್ನು ಹಿತ್ತಲಿಗೆ ಕರೆದುಕೊಂಡು ಹೋದ. ದರ್ಜಿ ಎಡಗೋಡೆಯ ಮೇಲೆ, ಮೇಸ್ತ್ರಿ ಬಲಗೋಡೆಯ ಮೇಲೆ ಮೊಣಕೈ ಊರಿ ಫಲಿತಾಂಶಕ್ಕೆ ಕಾದಿದ್ದರು. ಕಾರ್ಯದರ್ಶಿಗಳು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು.

"ಈ ಬೇಲಿ ಕತ್ತರಿಸೋಕೆ ನಿಮಗೆ ಯಾರು ಹೇಳಿದ್ದು?"

"ತಾವೇ ಅಲ್ವಾ ಸಾರ್? ಸುತ್ತೋಲೆ ಕಳಿಸಿದ್ರಿ."

"ನಿಮ್ಮ ನಿಮ್ಮ ಬೇಲಿ ಅಂತ ಬರೆದಿದ್ದೆ. ಇದು ಹಿಂದಿನ ಮನೆಯವರದ್ದು. ಅವರ ನೆಲದಲ್ಲಿ ಅವರೇ ನೆಟ್ಟಿದ್ದು." ಅವರು ಪುಸ್ತಕದೊಳಗಿಂದ ಒಂದು ಹಾಳೆ ತೆಗೆದರು. "ಬುಧವಾರವೇ ಅರ್ಜಿ ಕೊಟ್ಟಿದ್ದಾರೆ. ಸಂಜೆ ಹೊತ್ತು ಒಂದು ಗಂಟೆ ಇದರ ಮರೆಯಲ್ಲಿ ನೆಮ್ಮದಿಯಾಗಿ ಕೂರ್ತೀನಿ, ಆರಡಿ ಹಾಗೇ ಇರಲಿ ಅಂತ. ಸಂಘ ಒಪ್ಪಿ ವಿನಾಯಿತಿ ಕೊಟ್ಟಾಯ್ತು."

ದೂರಪ್ಪ ಹಾಳೆಯನ್ನು ಓದಿದ. ಐದು ಸಾಲಿನ ಅರ್ಜಿ, ಕೆಳಗೆ ಮಂಜೂರಾಗಿದೆ ಎಂಬ ಮೊಹರು. ಅವನಿಗೆ ಅಳು ಬಂತು. ಬೇಲಿ ಬುಧವಾರದಿಂದಲೇ ಕ್ಷೇಮವಾಗಿತ್ತು. ಯಾರೋ ಮುಖ ಕಾಣದ ಪುಣ್ಯಾತ್ಮ ಇವನ ಗಂಟೆಯನ್ನೂ ಸೇರಿಸಿ ಉಳಿಸಿಟ್ಟಿದ್ದ. ಹತ್ತೊಂಬತ್ತು ವರ್ಷ ಊರಿನವರ ಅರ್ಜಿಗಳನ್ನು ತೆಗೆದುಕೊಂಡವನಿಗೆ ತಾನೂ ಒಂದು ಅರ್ಜಿ ಬರೆಯಬಹುದು ಎಂದು ಹೊಳೆದೇ ಇರಲಿಲ್ಲ.

ಅಷ್ಟರಲ್ಲಿ ಆಚೆ ಮನೆಯ ಹಿಂಬಾಗಿಲು ತೆರೆಯಿತು. ಬಿಳಿ ಮೀಸೆಯ ತೆಳ್ಳನೆಯ ಮನುಷ್ಯನೊಬ್ಬ ಮಡಚುವ ಕುರ್ಚಿ ಹಿಡಿದು ಹೊರಬಂದು, ಸೊಪ್ಪಿನ ರಾಶಿಯ ನಡುವೆ ನಿಂತುಬಿಟ್ಟ. ಏಳು ವರ್ಷ ಬೇಲಿಯ ಆಚೆ ಈಚೆ ಬೆನ್ನಿಗೆ ಬೆನ್ನು ಹಾಕಿ ಕೂತಿದ್ದವರು ಮೊದಲ ಸಲ ಮುಖ ನೋಡಿಕೊಂಡರು.

"ಇದು ಯಾರ ಕೆಲಸ?" ಎಂದ ಅವನು.

ಗೋಡೆಯ ಮೇಲಿನ ಇಬ್ಬರೂ ಈಗ ಪೂರ್ತಿ ಒಂದೇ ಮಟ್ಟಕ್ಕೆ ಬಂದು, ಒಟ್ಟಿಗೆ ದೂರಪ್ಪನ ಕಡೆ ಕೈ ತೋರಿಸಿದರು.

ಬಿಳಿಮೀಸೆಯವನು ಕೂಗಾಡಲಿಲ್ಲ. ತನಗೆ ದೂರು ಕೊಡಬೇಕಾಗಿದೆ ಎಂದು ಕಾರ್ಯದರ್ಶಿಗಳಿಗೆ ಹೇಳಿದ. ದೂರು ಏನಿದ್ದರೂ ಕ್ರಮವಾಗಿ ಬರವಣಿಗೆಯಲ್ಲೇ ಇರಬೇಕು, ತಮ್ಮ ಈ ಕನ್ನಡಕದಲ್ಲಿ ಹತ್ತಿರದ ಬರವಣಿಗೆ ಆಗುವುದಿಲ್ಲ ಎಂದ ಕಾರ್ಯದರ್ಶಿಗಳು ಸುತ್ತ ನೋಡಿದರು. ಎಲ್ಲರ ಕಣ್ಣೂ ಒಬ್ಬನ ಮೇಲೆ ನಿಂತವು. ಅವರು ಪುಸ್ತಕ ಮತ್ತು ಪೆನ್ನನ್ನು ದೂರಪ್ಪನ ಕೈಗೆ ಕೊಟ್ಟರು.

ದೂರಪ್ಪ ಬೆತ್ತದ ಕುರ್ಚಿಯಲ್ಲಿ ಕೂತ. ಆಚೆಯವನು ತನ್ನ ಕುರ್ಚಿ ಬಿಡಿಸಿ ಎದುರು ಕೂತ. ಬೇಲಿ ಇಬ್ಬರ ನಡುವೆ ಮೇಜಿನಷ್ಟೇ ಎತ್ತರಕ್ಕಿತ್ತು. ಹೆಸರು, ಮನೆ ನಂಬರು, ದೂರಿನ ವಿವರ, ಯಾರ ಮೇಲೆ ಎಂದು ದೂರಪ್ಪ ಕ್ರಮವಾಗಿ ಕೇಳಿದ. ಆಚೆಯವನು ಹೇಳುತ್ತ ಹೋದಂತೆ ಅವನ ತಲೆ ಹೌದು ಹೌದೆಂದು ಆಡುತ್ತಿತ್ತು. ಕೊನೆಯ ಸಾಲಿನಲ್ಲಿ ತನ್ನದೇ ಹೆಸರನ್ನು ಅಂದವಾಗಿ ಬರೆದು, ಸಹಿ ಹಾಕಿಸಿಕೊಂಡು, ಸ್ವೀಕೃತಿಯ ಚೀಟಿ ಹರಿದು ಕೊಟ್ಟ.

"ಏಳು ದಿನದಲ್ಲಿ ಕ್ರಮ ತಗೋತೀವಿ ಸಾರ್."

ಚೀಟಿ ಮಡಚಿ ಜೇಬಿಗಿಟ್ಟುಕೊಂಡ ಬಿಳಿಮೀಸೆಯವನು ಏಳಲಿಲ್ಲ. ಇಷ್ಟು ತಾಳ್ಮೆಯಿಂದ ತನ್ನ ಮಾತು ಕೇಳಿದವರನ್ನು ಅವನು ಈಚೆಗೆ ಕಂಡಿರಲಿಲ್ಲವೆಂದು ತೋರುತ್ತದೆ. ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡ.

"ನೀವು ನೀರಿನ ಆಫೀಸಿನವರಂತಲ್ಲ? ನಮ್ಮನೆ ನಲ್ಲೀದೂ ಒಂದು ಬರ್ಕೊಳ್ಳಿ."

ಎಡಗೋಡೆ ಇಳಿದ ದರ್ಜಿ ಬೇಲಿ ದಾಟಿ ಬಿಳಿಮೀಸೆಯವನ ಹಿಂದೆ ಸಾಲಿನಲ್ಲಿ ನಿಂತ, ದರ್ಜಿಯ ಹಿಂದೆ ಮೇಸ್ತ್ರಿ. ಗಡಿಯಾರ ಐದೂವರೆ ತೋರಿಸುತ್ತಿತ್ತು. ದೂರಪ್ಪ ಪುಟ ತಿರುವಿ, ಕ್ರಮಸಂಖ್ಯೆ ಎರಡು ಎಂದು ಬರೆದ.